ಹಾಸನ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಬಹಿರಂಗ ಪತ್ರ: ಒಂದನೇ ತರಗತಿಯ ಆಟವನ್ನು ಪಾಠ ಅಂತ ಒಪ್ಪಿಕೊಳ್ಳಿ

ಇವರಿಗೆ,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಹಾಸನ ಜಿಲ್ಲೆ
ಮಾನ್ಯ ಉಪನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಹಾಸನ ಜಿಲ್ಲೆ

ವಿಷಯ: ಅಂಗನವಾಡಿ ಮತ್ತು 1ರಿಂದ 3ನೇ ತರಗತಿಯ ಮಕ್ಕಳ ಲೆಕ್ಕದ ಆಟಗಳಿಗೆ ಲಿಖಿತ ರಕ್ಷಣೆ ಕೊಡುವ ಬಗ್ಗೆ.

ಮಾನ್ಯರೇ,

ನಾನು ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವಳು. ನನ್ನ ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಯಲ್ಲಿದ್ದಾಳೆ. ನಾನು ಆ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಶಾಲೆಯ ಹೆಸರನ್ನಾಗಲಿ, ಯಾವುದೇ ವ್ಯಕ್ತಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಯಾರಿಗೋ ನೋಟಿಸ್ ಕೊಡಿಸಬೇಕು ಅನ್ನುವುದು ನನ್ನ ಉದ್ದೇಶ ಅಲ್ಲ. ನಮ್ಮ ಶಾಲೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಒಂದು ಕೆಲಸ ನಿಂತುಹೋಗಿದೆ. ಅದು ಮತ್ತೆ ಶುರುವಾಗಬೇಕು. ನಿಮ್ಮಿಂದ ಒಂದು ಸುತ್ತೋಲೆ ಬಂದರೆ ಸಾಕು, ಶುರುವಾಗುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಮಕ್ಕಳು ಅಂಗಳಕ್ಕೆ ಇಳಿಯುವಂತಿಲ್ಲ. ಮಳೆ ಬಿಟ್ಟ ದಿನ ಆನೆ ಬಂದಿದೆ ಅಂತ ಸುದ್ದಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ, ಮೂರೂ ತರಗತಿಗಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಿಂದ ಕಲಿಸುವ ನಲಿಕಲಿಯ ಒಂದೇ ಕೋಣೆಯಲ್ಲಿ. ಅಂಥ ದಿನಗಳಲ್ಲಿ ನಮ್ಮ ಶಾಲೆಯ ಮೇಡಂ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಮನೆಗಳನ್ನು ಬರೆಯುತ್ತಿದ್ದರು. ಎಡದಿಂದ ಬಲಕ್ಕೆ ಒಂದರಿಂದ ಇಪ್ಪತ್ತು. ನಾಲ್ಕು ಕವಡೆ, ತಂಡಕ್ಕೊಂದು ಕಾಯಿ. ದೊಡ್ಡ ಮಕ್ಕಳು, ಚಿಕ್ಕ ಮಕ್ಕಳು ಬೆರೆತ ತಂಡಗಳು. ಕವಡೆ ಹಾಕಬೇಕು, ಮಗುಚಿ ಬಿದ್ದದ್ದು ಎಷ್ಟು ನೋಡಬೇಕು, ಅಷ್ಟು ಮನೆ ನಡೆಸಬೇಕು. ಅಷ್ಟೇ ಆಟ.

ಎಸ್‌ಡಿಎಂಸಿ ಕೆಲಸಕ್ಕೆ ಹೋದಾಗ ನಾನು ಅದನ್ನು ಕೂತು ನೋಡಿದ್ದೇನೆ. ಒಬ್ಬ ಹುಡುಗನ ಕಾಯಿ ಮೂರರ ಮನೆಯಲ್ಲಿತ್ತು. ಎರಡು ಬಿತ್ತು. ಅವನು "ಒಂದು, ಎರಡು" ಅಂತ ಹೇಳುತ್ತಾ ಕಾಯಿ ನಡೆಸಿದ. ಕಾಯಿ ಸರಿಯಾದ ಮನೆಗೇ ಹೋಯಿತು. ಆದರೂ ಮೇಡಂ ಬಿಡಲಿಲ್ಲ. "ಮೊದಲು ಎಲ್ಲಿದ್ದೆ?" ಅಂದರು. "ಮೂರು." "ಹಂಗಾದ್ರೆ ಮುಂದಿನ ಮನೆ ಯಾವುದು? ಅದನ್ನ ಹೇಳ್ತಾ ನಡಿ." ಹುಡುಗ ಕಾಯಿ ವಾಪಸ್ ಇಟ್ಟು, ನೆಲದ ಮೇಲಿನ ಅಂಕಿ ನೋಡಿ, "ನಾಲ್ಕು, ಐದು" ಅಂದ. ಯಾಕೆ ಹೀಗೆ ಹೇಳಿಸಿದಿರಿ ಅಂತ ಆಮೇಲೆ ಕೇಳಿದೆ. "ಒಂದು ಎರಡು ಅಂತ ನಡೆಸಿದ್ರೆ ಅವನು ಕಾಯಿ ನೋಡ್ತಾನೆ, ನಾಲ್ಕು ಐದು ಅಂದ್ರೆ ಅಂಕಿ ನೋಡ್ತಾನೆ" ಅಂದರು. ಮೂರಕ್ಕೆ ಎರಡು ಸೇರಿದರೆ ಐದು ಅನ್ನುವುದನ್ನು ಆ ಹುಡುಗ ಯಾರೂ ಹೇಳಿಕೊಡದೆ ತನ್ನ ಬಾಯಲ್ಲೇ ಹೇಳಿದ್ದ.

ಅದೇ ಗುಂಪಿನಲ್ಲಿ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗಳೂ ಇದ್ದಳು. ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ ಹುಡುಗಿ. ಆಗಿನ್ನೂ ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಪಾಠದ ಹೊತ್ತಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಆಟದಲ್ಲಿ ಮಾತ್ರ ಅವಳನ್ನು ಹಿಡಿಯೋಕೆ ಆಗುತ್ತಿರಲಿಲ್ಲ. ಪಕ್ಕದವನು ಒಂದು ಮನೆ ಜಾಸ್ತಿ ನಡೆಸಿದಾಗ ಅವನ ಕೈ ಹಿಡಿದು, ಕಾಯಿಯನ್ನು ಹಿಂದಕ್ಕೆ ತಂದು, ಏಳರ ಮೇಲೆ ಬೆರಳಿಟ್ಟು "ಏಳು" ಅಂದಳು. ತರಗತಿಯಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡದ ಮಾತು ಅದೇ.

ಇನ್ನು ನಿಂತುಹೋದ ಕಥೆ. ಒಂದು ದಿನ ಶಾಲೆ ನೋಡಲು ಮೇಲಿನಿಂದ ಒಬ್ಬರು ಬಂದರು. ಜಗಲಿಯಲ್ಲಿ ಮಕ್ಕಳ ಗಲಾಟೆ ಇತ್ತು. ಆಟ ಅಂದಮೇಲೆ ಗಲಾಟೆ ಇರುತ್ತದೆ, ಅಲ್ವಾ? "ಇದೇನು ಶಾಲೆನಾ, ಜಾತ್ರೆನಾ?" ಅಂತ ಮಕ್ಕಳ ಎದುರಿಗೇ ಕೇಳಿದರು. ಆಮೇಲೆ ನೋಟ್‌ಬುಕ್ ತರಿಸಿದರು. ಒಂದನೇ ತರಗತಿಯವರ ಪುಸ್ತಕದಲ್ಲಿ ಪುಟಗಳು ಕಮ್ಮಿ ತುಂಬಿದ್ದವು. ಬರವಣಿಗೆ ಯಾಕೆ ಆಗಿಲ್ಲ ಅಂತ ತರಾಟೆಗೆ ತೆಗೆದುಕೊಂಡರು. ಯಾವ ಮಗುವಿಗೂ "ಏಳು ಕಡ್ಡಿ ತಾ" ಅಂತ ಹೇಳಿ ನೋಡಲಿಲ್ಲ. "ಎಂಟು ದೊಡ್ಡದೋ ಐದು ದೊಡ್ಡದೋ" ಅಂತ ಕೇಳಲಿಲ್ಲ. ಪುಟ ತಿರುಗಿಸಿ, ಬೇಸರ ಮಾಡಿಕೊಂಡು ಹೋದರು.

ಮಾರನೇ ದಿನದಿಂದ ಜಗಲಿ ಖಾಲಿ. ಈಗ ಮಕ್ಕಳು ಒಂದರಿಂದ ನೂರರವರೆಗೆ ಬರೆಯುತ್ತಾರೆ, ಮತ್ತೆ ಬರೆಯುತ್ತಾರೆ. ಪುಟಗಳು ತುಂಬುತ್ತಿವೆ. ಕವಡೆ ಬೀರು ಸೇರಿದೆ. ನಾನು ಮೇಡಂ ಅವರನ್ನು ದೂರುವುದಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಇದನ್ನೇ ಮಾಡುತ್ತಿದ್ದರು. ಮಕ್ಕಳೆದುರು ಬೈಸಿಕೊಂಡವರಿಗೆ ಮತ್ತೆ ಅದೇ ಕೆಲಸ ಮಾಡುವ ಮನಸ್ಸು ಹೇಗೆ ಬರುತ್ತದೆ?

ಬರೆಯುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಬರೆಯಲೇಬೇಕು. ಆದರೆ ನೂರರವರೆಗೆ ಬರೆಯುವ ಮಗುವಿಗೆ ಲೆಕ್ಕ ಬಂತು ಅಂತ ತಿಳಿಯುವುದು ಸರಿಯಲ್ಲ. ನಮ್ಮ ಪಕ್ಕದ ಮನೆಯ ಮಗು ಪೇಟೆಯ ಕಾನ್ವೆಂಟಿಗೆ ಹೋಗುತ್ತದೆ. ನೂರರವರೆಗೆ ಪಟಪಟ ಅಂತ ಹೇಳುತ್ತದೆ. ಅದರ ಮುಂದೆ ಆರು ಹುಣಸೆ ಬೀಜ ಇಟ್ಟು ಎಣಿಸು ಅಂದರೆ ಸರಿಯಾಗಿಯೇ ಎಣಿಸಿತು. "ಹಂಗಾದ್ರೆ ಎಷ್ಟಿದೆ?" ಅಂದೆ. ಮತ್ತೆ ಒಂದರಿಂದ ಶುರು ಮಾಡಿತು. ಇನ್ನೊಂದು ಸಲ ಕೇಳಿದೆ. ಇನ್ನೊಂದು ಸಲ ಎಣಿಸಿತು. ಎಣಿಸಿ ನಿಲ್ಲಿಸಿದಾಗ ಕೊನೆಗೆ ಹೇಳಿದ್ದೇ ಒಟ್ಟು ಮೊತ್ತ ಅನ್ನುವುದು ಆ ಮಗುವಿಗೆ ಇನ್ನೂ ಗೊತ್ತಿಲ್ಲ. ಅದು ಮಗುವಿನ ದಡ್ಡತನ ಅಲ್ಲ. ನಾಲ್ಕೈದು ವರ್ಷದ ಎಷ್ಟೋ ಮಕ್ಕಳು ಆ ಮೆಟ್ಟಿಲಲ್ಲಿ ನಿಂತಿರುತ್ತಾರೆ. ಅಲ್ಲಿಂದ ಮುಂದಕ್ಕೆ ಹೋಗೋಕೆ ಕೈಗೆ ಬೀಜ ಬೇಕು, ಎದುರಿಗೆ ಇನ್ನೊಂದು ಮಗು ಬೇಕು, "ನಿಂದು ಜಾಸ್ತಿನೋ ನಂದು ಜಾಸ್ತಿನೋ" ಅನ್ನುವ ಜಗಳ ಬೇಕು. ಕಾಪಿ ಬರೆದರೆ ಅದು ಸಿಗುವುದಿಲ್ಲ.

ಇದು ಒಬ್ಬ ತಾಯಿಯ ಅನಿಸಿಕೆ ಮಾತ್ರ ಅಂತ ಪಕ್ಕಕ್ಕೆ ಇಡಬೇಡಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅನ್ನುವ ಇಬ್ಬರು ಸಂಶೋಧಕರು, ಬಡ ಕುಟುಂಬಗಳ ಸಣ್ಣ ಮಕ್ಕಳ ಜೊತೆ ಹೆಚ್ಚುಕಮ್ಮಿ ನಮ್ಮ ಜಗಲಿಯ ಆಟವನ್ನೇ ಆಡಿಸಿ ನೋಡಿದರು. ಉದ್ದಕ್ಕೆ ಒಂದರಿಂದ ಹತ್ತು ಮನೆಗಳು. ಎರಡು ವಾರದ ಒಳಗೆ ನಾಲ್ಕು ಸಲ, ಸಲಕ್ಕೆ ಸುಮಾರು 15 ನಿಮಿಷ. ಅಷ್ಟಕ್ಕೇ ಆ ಮಕ್ಕಳು ಎಣಿಸುವುದರಲ್ಲಿ, ಅಂಕಿ ಗುರುತಿಸುವುದರಲ್ಲಿ, ಯಾವ ಸಂಖ್ಯೆ ದೊಡ್ಡದು ಅಂತ ಹೇಳುವುದರಲ್ಲಿ ಮುಂದೆ ಬಂದರು. 9 ವಾರ ಕಳೆದು ನೋಡಿದಾಗಲೂ ಆ ಕಲಿಕೆ ಉಳಿದಿತ್ತು. ಅದೇ ಹಲಗೆಯಲ್ಲಿ ಅಂಕಿ ಬದಲು ಬರೀ ಬಣ್ಣ ಇಟ್ಟು ಆಡಿಸಿದ ಮಕ್ಕಳಿಗೆ ಈ ಲಾಭ ಆಗಲಿಲ್ಲ. ಈ ಫಲಿತಾಂಶ ಪ್ರಕಟವಾಗಿದ್ದು 2008ರಲ್ಲಿ. ಆಮೇಲೆ 2014ರಲ್ಲಿ ಸೀಗ್ಲರ್ ಮತ್ತು ಎಲಿಡಾ ಲ್ಯಾಸ್ಕಿ ಇನ್ನೊಂದು ಸಂಗತಿ ತೋರಿಸಿದರು. ಕಾಯಿ ನಡೆಸುವಾಗ ಪ್ರತಿಸಲ ಒಂದರಿಂದ ಎಣಿಸುವ ಮಕ್ಕಳಿಗಿಂತ, ಮನೆಯ ಅಂಕಿಯನ್ನೇ ಹೇಳುತ್ತಾ ಮುಂದಕ್ಕೆ ಹೋಗುವ ಮಕ್ಕಳು ಜಾಸ್ತಿ ಕಲಿಯುತ್ತಾರೆ. ನಮ್ಮ ಮೇಡಂ "ನಾಲ್ಕು, ಐದು" ಅಂತ ಹೇಳಿಸಿದ್ದು ಇದನ್ನೇ. ಅವರು ಅದನ್ನು ಯಾವ ಸಂಶೋಧನೆ ಓದಿಯೂ ಮಾಡಿರಲಿಲ್ಲ. ಮಕ್ಕಳನ್ನು ನೋಡಿ ನೋಡಿ ತಿಳಿದುಕೊಂಡಿದ್ದರು. ಅಂಥವರನ್ನು ಜಾತ್ರೆ ಮಾಡುತ್ತಿದ್ದೀರಿ ಅಂತ ಬೈದದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ.

ಸುಮ್ನೆ ಆಡಿಸಿದರೆ ಎಲ್ಲ ಬಂದುಬಿಡುತ್ತದೆ ಅಂತಲೂ ಅಲ್ಲ. ಇದನ್ನು ನಾನೇ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ದೆಹಲಿಯಲ್ಲಿ 'ಪ್ರಥಮ್' ಸಂಸ್ಥೆ ನಡೆಸುತ್ತಿದ್ದ 214 ಶಿಶುವಿಹಾರಗಳ 1540 ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಅದರ ವರದಿ 2017ರಲ್ಲಿ ಬಂತು. ಆಮೇಲೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅದರಲ್ಲಿದ್ದರು. ಮಕ್ಕಳನ್ನು ಗುಂಪಾಗಿ ಕೂರಿಸಿ, ಯಾವ ಗುಂಪಿನಲ್ಲಿ ಚುಕ್ಕಿ ಜಾಸ್ತಿ, ಯಾವ ಆಕಾರ ಬೇರೆ ಅನ್ನುವಂಥ ಆಟಗಳನ್ನು ಆಡಿಸಿದರು. ಒಂದು ವರ್ಷ ಕಳೆದರೂ ಆ ಮಕ್ಕಳ ಅಂದಾಜಿನ ಶಕ್ತಿ ಚುರುಕಾಗಿಯೇ ಇತ್ತು. ಆದರೆ ಒಂದನೇ ತರಗತಿಯ ಶಾಲಾ ಲೆಕ್ಕದಲ್ಲಿ ಅವರು ಉಳಿದವರಿಗಿಂತ ಮುಂದೆ ಇರಲಿಲ್ಲ. ಆಟದ ಬುದ್ಧಿ ಪುಸ್ತಕದ ಅಂಕಿಗೆ ತಾನಾಗೇ ದಾಟಲಿಲ್ಲ. 2025ರಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ ಬಂದ ಅಧ್ಯಯನವೂ ಇದೇ ಮಾತು ಹೇಳಿತು. ತಕ್ಕಡಿ ಮುಂದೆ ಬಾಯಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಡುವ ಮಕ್ಕಳು ಕಾಗದದ ಮೇಲಿನ ಲೆಕ್ಕಕ್ಕೆ ತಡಬಡಾಯಿಸಿದರು. ಕಾಗದದಲ್ಲಿ ಜಾಣರಾದ ಶಾಲೆಯ ಮಕ್ಕಳಿಗೆ ಸಂತೆಯ ಲೆಕ್ಕ ಕಷ್ಟವಾಯಿತು.

ಹಾಗಾಗಿ ಆಟವೂ ಬೇಕು, ಆಟದ ಜೊತೆಗೇ ಅಂಕಿಯೂ ಬೇಕು. ಜಗಲಿಯ ಮನೆಗಳಲ್ಲಿ ಅಂಕಿ ಬರೆದಿರಬೇಕು. ಆಟ ಮುಗಿದ ಮೇಲೆ ಸ್ಲೇಟಿನಲ್ಲಿ "ನಾನು 3ರಲ್ಲಿದ್ದೆ, 2 ಬಿತ್ತು, 5ಕ್ಕೆ ಹೋದೆ" ಅಂತ ಮಗು ಗುರುತು ಹಾಕಬೇಕು. ಅಲ್ಲಿಗೆ ಬರವಣಿಗೆಯೂ ಆಯಿತು. ಮಗುವಿಗೆ ತಾನು ಬರೆದದ್ದು ಏನು ಅಂತ ಗೊತ್ತಿರುತ್ತದೆ. ತಪಾಸಣೆಗೆ ಬರುವವರು ಈ ಒಂದು ಪುಟ ನೋಡಿದರೆ, ಒಂದರಿಂದ ನೂರು ಬರೆದ ಹತ್ತು ಪುಟಕ್ಕಿಂತ ಜಾಸ್ತಿ ವಿಷಯ ಸಿಗುತ್ತದೆ.

ಸರ್ಕಾರದ ಕಾಗದಗಳೆಲ್ಲ ಇದನ್ನೇ ಹೇಳುತ್ತವೆ. ನಲಿಕಲಿ ಶುರುವಾಗಿದ್ದು 1995ರಲ್ಲಿ, ನಮ್ಮದೇ ರಾಜ್ಯದ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರು ಕಟ್ಟಿದ ಪದ್ಧತಿ ಅದು. ಹೆಸರಲ್ಲೇ ನಲಿ ಇದೆ. ಸಣ್ಣ ಮಕ್ಕಳಿಗೆ ಓದು, ಲೆಕ್ಕದ ಬುನಾದಿ ಹಾಕಲು 2021ರ ಜುಲೈನಲ್ಲಿ ಬಂದ ಕೇಂದ್ರದ ಯೋಜನೆ ನಿಪುಣ್ ಭಾರತ್ 2026-27ರ ಗಡುವು ಇಟ್ಟುಕೊಂಡಿದೆ. ಒಂದನೇ ತರಗತಿ ಮುಗಿಸಿದ ಮಗುವಿಗೆ 99ರವರೆಗಿನ ಸಂಖ್ಯೆ ಓದಿ ಬರೆಯಲು, ಸರಳವಾಗಿ ಕೂಡಿ ಕಳೆಯಲು ಬರಬೇಕು ಅನ್ನುತ್ತದೆ. ಶಾಲೆಗೆ ಹೊಸದಾಗಿ ಬಂದ ಮಕ್ಕಳಿಗೆ ಮೂರು ತಿಂಗಳು ಆಟದ ಮೂಲಕವೇ ಕಲಿಸಿ ಅಂತ ವಿದ್ಯಾಪ್ರವೇಶ ಇದೆ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಆಟವೇ ಕಲಿಕೆಯ ದಾರಿ ಅಂತ ಹೇಳಿದೆ. ಅಂದಮೇಲೆ ನಮ್ಮ ಮೇಡಂ ಮಾಡುತ್ತಿದ್ದದ್ದು ನಿಯಮದ ಪ್ರಕಾರವೇ ಇತ್ತು. ಆದರೂ ಬೈಸಿಕೊಂಡರು. ಮೇಲಿನ ಕಾಗದಕ್ಕೂ ಕೆಳಗೆ ಶಾಲೆ ನೋಡಲು ಬರುವವರ ನೋಟಕ್ಕೂ ನಡುವೆ ಅಂತರ ಇದೆ. ಆ ಅಂತರ ಮುಚ್ಚುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಅದಕ್ಕೆ ನನ್ನ ಮೊದಲ ಕೋರಿಕೆ ಇದು. 1ರಿಂದ 3ನೇ ತರಗತಿಗಳಲ್ಲಿ ಲೆಕ್ಕದ ಗುಂಪು ಆಟ ಪಾಠದ ಹೊತ್ತೇ, ಬಿಡುವಿನ ಹೊತ್ತಲ್ಲ ಅಂತ ಬರವಣಿಗೆಯಲ್ಲಿ ಕೊಡಿ. ಆ ಸುತ್ತೋಲೆಯನ್ನು ಶಿಕ್ಷಕರು ಗೋಡೆಗೆ ಅಂಟಿಸಿಕೊಳ್ಳಲಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರು, ಬ್ಲಾಕ್ ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಬಿಆರ್‌ಪಿ, ಸಿಆರ್‌ಪಿಗಳು ಯಾರೇ ಶಾಲೆಗೆ ಬಂದರೂ ನೋಟ್‌ಬುಕ್ ಕೇಳುವ ಮೊದಲು ಮಕ್ಕಳ ಜೊತೆ ನೆಲದ ಮೇಲೆ ಕೂತು ಒಂದು ಸುತ್ತು ಆಟ ನೋಡಲಿ. ಆಡಿದರೆ ಇನ್ನೂ ಒಳ್ಳೆಯದು. ಶಿಕ್ಷಕರಿಗೆ ಹೇಳುವುದೇನಾದರೂ ಇದ್ದರೆ ಮಕ್ಕಳು ಇಲ್ಲದ ಕಡೆ ಹೇಳಲಿ.

ಇದಕ್ಕೆ ದುಡ್ಡು ಬೇಕಿಲ್ಲ ಅನ್ನುವುದನ್ನು ಇಲಾಖೆ ಗಮನಿಸಬೇಕು. ನಮ್ಮ ಮನೆಗಳಲ್ಲಿ ಆಟ ಬೇಕಾದಷ್ಟಿವೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಬಿದ್ದ ರೀತಿ ನೋಡಿದ ಕೂಡಲೇ, ಒಂದೊಂದಾಗಿ ಎಣಿಸದೆ, ಮಗು ಎಷ್ಟು ಅಂತ ಹೇಳಿಬಿಡುತ್ತದೆ. ಅಳಗುಳಿ ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಸ್ವಲ್ಪ ದಿನ ಆಡಿದ ಮಗು ಯಾವ ಗುಳಿಯಿಂದ ಬೀಜ ಎತ್ತಿದರೆ ಕೊನೆಯದು ಎಲ್ಲಿ ಬೀಳುತ್ತದೆ ಅಂತ ಎತ್ತುವ ಮೊದಲೇ ನೋಡುತ್ತದೆ. ಹುಲಿ-ಕುರಿ ಆಟದಲ್ಲಿ "ನಾನು ಇಲ್ಲಿಟ್ಟರೆ ಅವನು ಅಲ್ಲಿಂದ ಹಾರುತ್ತಾನೆ" ಅಂತ ಎರಡು ಹೆಜ್ಜೆ ಮುಂದಕ್ಕೆ ಯೋಚನೆ ಮಾಡಬೇಕು. ಮುಷ್ಟಿಯಲ್ಲಿ ಬೀಜ ಹಿಡಿದು ಸರಿಯೋ ಬೆಸವೋ ಅಂತ ಕೇಳುವ ಆಟವಂತೂ ಬಸ್ಸಿಗೆ ಕಾಯುವಾಗಲೂ ಆಡಬಹುದು. ಕಾಫಿ ಎಲೆ, ಮೆಣಸಿನ ಬಳ್ಳಿಯ ಎಲೆ, ಹಲಸಿನ ಎಲೆ, ಸಿಲ್ವರ್ ಓಕ್ ಎಲೆ ರಾಶಿ ಹಾಕಿ "ಇವನ್ನ ಎರಡು ಗುಂಪು ಮಾಡಿ, ಯಾಕೆ ಹಾಗೆ ಮಾಡಿದಿರಿ ಹೇಳಿ" ಅಂದರೆ ಸಾಕು. ಒಬ್ಬ ಬಣ್ಣ ನೋಡುತ್ತಾನೆ, ಇನ್ನೊಬ್ಬಳು ಅಂಚು ನೋಡುತ್ತಾಳೆ, ಇಬ್ಬರೂ ವಾದ ಮಾಡುತ್ತಾರೆ. ಕಾರಣ ಕೊಟ್ಟು ಮಾತಾಡುವುದನ್ನು ಕಲಿಯೋಕೆ ಇದಕ್ಕಿಂತ ಏನು ಬೇಕು?

ಮಳೆ ಇಲ್ಲದ ದಿನ ಅಂಗಳದಲ್ಲಿ ಆಡುವ ಗುಂಪು ಕಟ್ಟುವ ಆಟವನ್ನೂ ಹೇಳಲೇಬೇಕು. ಮಕ್ಕಳು ಸುತ್ತ ಓಡುತ್ತಿರುತ್ತಾರೆ. ಮೇಡಂ "ನಾಲ್ಕು" ಅಂದರೆ ನಾಲ್ಕು ನಾಲ್ಕು ಜನ ಕೈ ಹಿಡಿಯಬೇಕು. ಹದಿನಾಲ್ಕು ಮಕ್ಕಳಿದ್ದರೆ ಮೂರು ಗುಂಪಾಗಿ ಇಬ್ಬರು ಉಳಿಯುತ್ತಾರೆ. ಸಾಮಾನ್ಯವಾಗಿ ಉಳಿದವರನ್ನು ಔಟ್ ಮಾಡುತ್ತಾರೆ. ಹಾಗೆ ಮಾಡಿದರೆ ನಿಧಾನದ ಮಕ್ಕಳೇ ಮೊದಲು ಹೊರಗೆ ಹೋಗಿ ಕೂರುತ್ತಾರೆ, ಕಲಿಯಬೇಕಾದವರೇ ಅವರು. ನಮ್ಮ ಮೇಡಂ ಔಟ್ ಮಾಡುತ್ತಿರಲಿಲ್ಲ. "ನಿಮ್ಮ ಗುಂಪು ಆಗೋಕೆ ಇನ್ನೆಷ್ಟು ಜನ ಬೇಕು?" ಅಂತ ಆ ಇಬ್ಬರನ್ನೇ ಕೇಳುತ್ತಿದ್ದರು. ಮೂರನೇ ತರಗತಿಯ ಒಬ್ಬಳು ಒಂದು ದಿನ, "ಇಬ್ಬರು ರಜ ಹಾಕಿದ್ದಿದ್ರೆ ಯಾರೂ ಉಳೀತಿರ್ಲಿಲ್ಲ ಮಿಸ್" ಅಂದಳು. ಭಾಗಾಕಾರದಲ್ಲಿ ಶೇಷ ಯಾಕೆ ಬರುತ್ತದೆ ಅಂತ ಅವಳಿಗೆ ಇನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಗನವಾಡಿ ವಿಷಯ ಬೇರೆಯಾಗಿ ಹೇಳಬೇಕು. 3ರಿಂದ 6 ವರ್ಷದ ಮಕ್ಕಳು ಇರುವುದೇ ಅಲ್ಲಿ. ಈ ಆಟಗಳಿಗೆ ಅದೇ ಸರಿಯಾದ ವಯಸ್ಸು. ಆದರೆ ನಮ್ಮೂರಿನ ಅಂಗನವಾಡಿ ಅಕ್ಕನ ದಿನವನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಬೆಳಿಗ್ಗೆಯೇ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್ ತುಂಬಬೇಕು, ನೆಟ್‌ವರ್ಕ್ ಸಿಗದೆ ದಿಬ್ಬ ಹತ್ತಬೇಕು, ಆಹಾರದ ಲೆಕ್ಕ ಇಡಬೇಕು, ತೂಕ ಹಾಕಬೇಕು, ಮನೆ ಭೇಟಿ ಮಾಡಬೇಕು. ಸರ್ವೆ ಬಂದರೆ ಅದೂ ಅವರ ತಲೆಗೇ. ಮಕ್ಕಳ ಜೊತೆ ಕೂತು ಆಡಿಸಲು ಅವರಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಯಾರೂ ಕೈಹಾಕದ ಹೊತ್ತು ಸಿಗಬೇಕು. ಆ ಅರ್ಧ ಗಂಟೆಯಲ್ಲಿ ಫೋನ್ ಮಾಡಬೇಡಿ, ಮಾಹಿತಿ ಕೇಳಬೇಡಿ ಅಂತ ಮೇಲ್ವಿಚಾರಕಿಯರಿಗೆ ನೀವು ಹೇಳಬಹುದು.

ಸಣ್ಣ ಮಕ್ಕಳ ಕೈಗೆ ಏನು ಕೊಡಬೇಕು ಅನ್ನುವ ಎಚ್ಚರವೂ ನಿಮ್ಮ ಸುತ್ತೋಲೆಯಲ್ಲಿರಲಿ. ಚೆಂದ ಕಾಣುತ್ತದೆ ಅಂತ ಕೆಲವರು ಗುಲಗಂಜಿ ಇಡುತ್ತಾರೆ. ಅದು ವಿಷದ ಬೀಜ, ಮಕ್ಕಳ ಹತ್ತಿರ ಸುಳಿಯಲೇಬಾರದು. ಮೂರು ವರ್ಷದವರಿಗೆ ಹುಣಸೆ ಬೀಜವೂ ಬೇಡ, ಮೂಗಿಗೋ ಬಾಯಿಗೋ ಹಾಕಿಕೊಳ್ಳುತ್ತಾರೆ. ಮುಷ್ಟಿ ತುಂಬುವಷ್ಟು ದೊಡ್ಡ ಕಲ್ಲು, ಮರದ ತುಂಡು ಸಾಕು.

ಇನ್ನೊಂದು ಮಾತು, ಸ್ವಲ್ಪ ಖಾರ ಅನಿಸಿದರೆ ಕ್ಷಮಿಸಿ. ದಯವಿಟ್ಟು ಇದನ್ನೊಂದು ಸ್ಪರ್ಧೆ ಮಾಡಬೇಡಿ. ಕ್ಲಸ್ಟರ್ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಅಂತ ಶುರುವಾದರೆ ಶಾಲೆಯ ಇಬ್ಬರು ಜಾಣ ಮಕ್ಕಳನ್ನು ತಯಾರು ಮಾಡಿ ಉಳಿದವರನ್ನು ಕೂರಿಸುತ್ತಾರೆ. ಗುಂಪು ಆಟದ ಉದ್ದೇಶವೇ ಹಾಳಾಗುತ್ತದೆ. ದಿನಾ ಫೋಟೊ ತೆಗೆದು ಗ್ರೂಪಿಗೆ ಹಾಕಿ ಅಂತಲೂ ಕೇಳಬೇಡಿ. ಫೋಟೊಗೆ ಮಕ್ಕಳನ್ನು ಸಾಲಾಗಿ ಕೂರಿಸುವುದರಲ್ಲೇ ಆಟದ ಹೊತ್ತು ಮುಗಿಯುತ್ತದೆ. ಅದರ ಬದಲು ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಶಿಕ್ಷಕರೇ ನೆಲಕ್ಕೆ ಕೂತು ಆಡಲಿ, ತಮ್ಮೂರಿನ ಒಂದೊಂದು ಆಟವನ್ನು ಬೇರೆಯವರಿಗೆ ಕಲಿಸಲಿ. ಅರಸೀಕೆರೆ ಕಡೆಯವರ ಆಟ ಬೇರೆ, ನಮ್ಮ ಮಲೆನಾಡಿನ ಆಟ ಬೇರೆ ಇರಬಹುದು. ಹಾಸನದ ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅವನ್ನು ಒಟ್ಟು ಮಾಡಿ, ಯಾವ ಆಟದಿಂದ ಯಾವ ಲೆಕ್ಕ, ಆಮೇಲೆ ಸ್ಲೇಟಿನಲ್ಲಿ ಏನು ಬರೆಸಬೇಕು ಅಂತ ಒಂದು ಸಣ್ಣ ಪುಸ್ತಿಕೆ ಮಾಡಿಕೊಟ್ಟರೆ ಜಿಲ್ಲೆಗೆಲ್ಲ ಉಪಕಾರ. ಶಾಲೆಗಳಿಗೆ ಈಗಾಗಲೇ ಬಂದಿರುವ ಕಲಿಕಾ ಸಾಮಾನಿನ ಕಿಟ್‌ಗಳನ್ನು ಬೀರುವಿನಿಂದ ಹೊರಗೆ ತೆಗೆಯಲಿ. ಆಡಿಸಿದಾಗ ಒಂದೆರಡು ಸಾಮಾನು ಮುರಿದರೆ, ಕಳೆದರೆ ಶಿಕ್ಷಕರ ಮೇಲೆ ಹೊಣೆ ಹೊರಿಸುವುದಿಲ್ಲ ಅಂತ ಒಂದು ಸಾಲು ಸುತ್ತೋಲೆಯಲ್ಲಿ ಸೇರಿಸಿ. ಎಷ್ಟೋ ಕಡೆ ಬೀರು ಬೀಗ ಹಾಕಿರುವುದು ಆ ಭಯಕ್ಕೇ.

ಪೋಷಕರ ಜವಾಬ್ದಾರಿ ನಮಗೆ ಬಿಡಿ. "ಶಾಲೆಗೆ ಕಳಿಸಿದ್ದು ಆಡೋಕಾ?" ಅನ್ನುವ ಅಪ್ಪ ಅಮ್ಮಂದಿರು ನಮ್ಮೂರಲ್ಲೂ ಇದ್ದಾರೆ. ಪೋಷಕರ ಸಭೆಯಲ್ಲಿ ಅವರ ಮಕ್ಕಳ ಜೊತೆಗೇ ಅವರನ್ನು ಕೂರಿಸಿ ಆಡಿಸುತ್ತೇವೆ. ನಮ್ಮ ಎಸ್‌ಡಿಎಂಸಿ ಇದಕ್ಕೆ ಸಿದ್ಧ ಇದೆ. ಜಗಲಿಯ ಮೇಲೆ ಅಳಿಸಿಹೋಗದ ಹಾಗೆ ಬಣ್ಣದಲ್ಲಿ ಮನೆಗಳನ್ನು ಬರೆಸಲು ಊರವರೇ ದುಡ್ಡು ಹಾಕುತ್ತೇವೆ ಅಂದಿದ್ದಾರೆ. ಆದರೆ ನಿಮ್ಮ ಕಾಗದ ಬರದೆ ಬಣ್ಣ ಹಚ್ಚಲು ಮೇಡಂ ಒಪ್ಪುತ್ತಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ.

ಮುಂದಿನ ಮಳೆಗಾಲ ಶುರುವಾಗುವ ಮೊದಲು ಆ ಸುತ್ತೋಲೆ ಹೊರಡಿಸಬೇಕು ಅಂತ ಎರಡೂ ಇಲಾಖೆಗಳಲ್ಲಿ ಕೇಳಿಕೊಳ್ಳುತ್ತೇನೆ. ಏನು ತೀರ್ಮಾನ ಮಾಡಿದಿರಿ ಅನ್ನುವುದನ್ನು ಜಿಲ್ಲೆಯ ಎಲ್ಲ ಎಸ್‌ಡಿಎಂಸಿಗಳಿಗೆ, ಅಂಗನವಾಡಿಗಳ ಬಾಲವಿಕಾಸ ಸಮಿತಿಗಳಿಗೆ ಬರವಣಿಗೆಯಲ್ಲೇ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ, ಎಸ್‌ಡಿಎಂಸಿ ಸದಸ್ಯೆ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ